ಪಡಸಾಲೆಯ ವಿಮಾನ

ನಮ್ಮ ಕಾಕಾನಿಗೆ ಹಾರುವ ಆಸೆ ಎಳ್ಳಷ್ಟೂ ಇರಲಿಲ್ಲ!

ಹೀಗೆ ಹೇಳಿದರೆ ಸಿಂದಗಿಯಲ್ಲಿ ಯಾರೂ ನನ್ನನ್ನು ನಂಬುವುದಿಲ್ಲ. ಸಿಂದಗಿಯೊಂದೇ ಏನು, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತನಕ ಜನ ಅವನನ್ನು ಕರೆಯುತ್ತಿದ್ದುದೇ 'ವಿಮಾನದ ಮಾಸ್ತರ' ಎಂದು. ಆದರೆ ನಾನು ಅವನ ಅಣ್ಣನ ಮಗಳು. ಹೈಸ್ಕೂಲು ಮುಗಿಯುವ ತನಕ ಅವನ ಮನೆಯಲ್ಲೇ ಉಂಡು ಬೆಳೆದವಳು. ಒಳಗಿನ ಸತ್ಯ ನನಗೆ ಗೊತ್ತು. ಕಾಕಾ ನಿಚ್ಚಣಿಕೆಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟರೆ ಮೂರನೆಯದನ್ನು ನೋಡಿ ಬೆವರುತ್ತಿದ್ದ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಮಳೆಗೆ ತೋಯುತ್ತಿದ್ದರೆ ಕೆಳಗೆ ಅಂಗಳದಲ್ಲಿ ನಿಂತು, "ಬಲಕ್ಕ ಐತಿ ನೋಡು, ಅಲ್ಲಿ, ಆ ಮೂಲ್ಯಾಗ!" ಎಂದು ಮೇಲೆ ಹತ್ತಿದ ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ದಾರಿ ತೋರಿಸುತ್ತಿದ್ದ. ಇಂಥವನು ಹಾರುತ್ತಾನೆಯೇ?

ಅವನಿಗೆ ಬೇಕಾಗಿದ್ದುದು ಬೇರೆ. ಯಾರು ಬೇಕಾದರೂ ತಮ್ಮ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದಾದ ಒಂದು ವಿಮಾನದ ನಕಾಶೆ ಬರೆಯಬೇಕು. ಕಟ್ಟಿಗೆಯ ವಿಮಾನ. ಒಂದೇ ಸೀಟಿನದು. ಕಬ್ಬಿಣದ ಕೆಲಸ ಕಡಿಮೆ, ಬಡಿಗತನ ಹೆಚ್ಚು. "ಬಂಡಿ ಮಾಡಾಕ ಬರೋ ಊರಾಗ ವಿಮಾನ ಮಾಡಾಕ ಯಾಕ ಬರಬಾರದು?" ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆಗೆ ನಾಲ್ಕು ತಾಲ್ಲೂಕಿನಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಉತ್ತರ ಇಲ್ಲದ್ದರಿಂದ ತಾನು ಹೇಳಿದ್ದೇ ಸರಿ ಎಂದು ಅವನು ತಿಳಿದುಕೊಂಡ.

ಕಾಕಾ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಡ್ರಾಯಿಂಗ್ ಪರೀಕ್ಷೆ ನಡೆಸಲು ವರ್ಷಕ್ಕೊಮ್ಮೆ ಈ ಊರುಗಳನ್ನೆಲ್ಲ ಸುತ್ತಬೇಕು. ಆಗಿನ ಬಸ್ಸುಗಳು ಹೇಗಿದ್ದವೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಇಂಡಿಯಿಂದ ಹೊರಟವನು ಮುದ್ದೇಬಿಹಾಳ ಮುಟ್ಟುವಷ್ಟರಲ್ಲಿ ಹಚ್ಚಿಕೊಂಡ ವಿಭೂತಿಯ ಮೇಲೆ ಇನ್ನೊಂದು ಪದರ ಧೂಳು ಕೂತಿರುತ್ತಿತ್ತು. ಟಾಯರು ಒಡೆದಾಗ ಉಳಿದವರೆಲ್ಲ ಕೆಳಗಿಳಿದು ಚಹಾ ಹುಡುಕಿದರೆ ಇವನು ಹೊಲದ ಬದುವಿನ ಮೇಲೆ ಅಂಗಾತ ಮಲಗಿ ಹದ್ದು ನೋಡುತ್ತಿದ್ದ. ಹದ್ದು ರೆಕ್ಕೆ ಬಡಿಯದೇ ತಿರುಗುತ್ತಿತ್ತು. ಬಸ್ಸು ಕಾಕಾನನ್ನು ಬಿಟ್ಟು ಹೋಗುತ್ತಿತ್ತು.

ಹೀಗೆ ಬಸ್ಸು ತಪ್ಪಿಸಿಕೊಂಡರೂ ಅವನು ತಪ್ಪು ಮಾತ್ರ ಒಪ್ಪಿಕೊಂಡವನಲ್ಲ. ಇದು ಅವನ ಇನ್ನೊಂದು ಗುಣ. ಒಮ್ಮೆ ಇಂಡಿಗೆ ಹೋಗಬೇಕಾದವನು ಮುದ್ದೇಬಿಹಾಳದ ಬಸ್ಸು ಹತ್ತಿ, ಅಲ್ಲಿ ಇಳಿದು, ಸಂಜೆ ಮನೆಗೆ ಬಂದು ಏನೆಂದ ಗೊತ್ತೇ? "ಬಸ್ ಬರೋಬ್ಬರಿ ಇತ್ತು. ಊರು ಬ್ಯಾರೇ ಬಂತು." ತನ್ನ ಮಾತು ಖರೆ ಎನ್ನಿಸಲು ಅಲ್ಲಿ ಯಾರದೋ ಮನೆಯ ಜವಳದ ಊಟವನ್ನೂ ಮಾಡಿಕೊಂಡು ಬಂದಿದ್ದ. ಕಾಕು ತಲೆ ಚಚ್ಚಿಕೊಂಡು, "ಈ ಮನಶ್ಯಾ ತಪ್ಪಾತು ಅಂದ ದಿವಸ ನಾ ಊರಿಗೆಲ್ಲಾ ಹೋಳಿಗಿ ಮಾಡಿ ಹಾಕ್ತೇನಿ" ಎಂದಳು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ವಿಮಾನದ ವಿದ್ಯೆ ಅವನಿಗೆ ಬಂದದ್ದು ವಿಜಾಪುರದ ಒಂದು ರದ್ದಿ ಅಂಗಡಿಯಿಂದ. ಅಲ್ಲಿ ಅವನಿಗೊಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ರೆಕ್ಕೆಯ ಬಾಗು ಹೇಗಿರಬೇಕು, ಭಾರ ಎಲ್ಲಿ ಬೀಳಬೇಕು, ಏರುವುದು ಹೇಗೆ, ಎಲ್ಲ ಅದರಲ್ಲಿತ್ತು. ಇಳಿಸುವುದು ಹೇಗೆ ಎಂಬ ಕೊನೆಯ ಪುಟಗಳನ್ನು ಮಾತ್ರ ಅಂಗಡಿಯವನು ಅದಾಗಲೇ ಹರಿದು ಶೇಂಗಾ ಕಟ್ಟಿ ಕೊಟ್ಟಿದ್ದ!

"ಇಳಸೂದು ಗೊತ್ತಿಲ್ಲದ ಏರಸ್ತೀರೇನ್ರಿ ಮಾಸ್ತರ್ರ?" ಎಂದು ಕೇಳಿದವನು ಹುಸೇನಸಾಬ. ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್‌ಸೈಕಲ್ ಗ್ಯಾರೇಜು ಇಟ್ಟುಕೊಂಡಿದ್ದ, ಕಾಕಾನ ಸಾಲೆಯ ದಿನಗಳ ಗೆಳೆಯ.

"ಏರಿದ್ದು ಇಳೀದ ಎಲ್ಲಿ ಹೋಗತೈತೋ ಹುಸೇನಾ? ಅದು ತಾನ ಕಲೀತೈತಿ."

"ಹಂಗಾರ ಇಮಾನಾ ಇಳೀತೈತಿ ಬಿಡ್ರಿ. ನಾ ನಿಮ್ಮ ಬಗ್ಗೆ ಕೇಳಾಕತ್ತೇನಿ."

ಇಷ್ಟು ಹೇಳಿಯೂ ಹುಸೇನಸಾಬ ಯಾವುದೋ ಹಳೆಯ ಮೋಟರ್‌ಸೈಕಲ್ಲಿನ ಎರಡು ಸಿಲಿಂಡರಿನ ಎಂಜಿನ್ನನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಲು ಶುರುಮಾಡಿದ. ಹುಚ್ಚು ಅಂಟುಜಾಡ್ಯ ಎನ್ನುವುದು ಸುಳ್ಳಲ್ಲ.

ನಕಾಶೆ ಬರೆಯುವ ಮೊದಲು ಕಾಕಾ ಮಾಡಿದ ಕೆಲಸವೆಂದರೆ ಬಾಗಿಲು ಅಳೆಯುವುದು. ನಗಬೇಡಿ. ಮನೆಯಲ್ಲಿ ಕಟ್ಟಿದ ವಿಮಾನ ಮನೆಯಿಂದ ಹೊರಗೆ ಬರಬೇಡವೇ? ನಮ್ಮ ಕಡೆಯ ಹಳೆಯ ಮನೆಗಳ ಬಾಗಿಲು ನಿಮಗೆ ಗೊತ್ತು. ತಲೆ ಬಗ್ಗಿಸದೆ ಒಳಗೆ ಬಂದವನಿಗೆ ಹಣೆಯ ಮೇಲೆ ಪ್ರಸಾದ ಸಿಗುತ್ತದೆ. ಅದಕ್ಕೇ ಕಾಕಾ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಕಿಸೆಯಿಂದ ಟೇಪು ತೆಗೆದು ಚೌಕಟ್ಟು ಅಳೆಯುತ್ತಿದ್ದ. ನಮ್ಮ ಸಂಬಂಧದ ಒಬ್ಬ ಹುಡುಗಿಯ ಮಾತುಕತೆಗೆಂದು ಇಂಗಳೇಶ್ವರಕ್ಕೆ ಹೋದಾಗಲೂ ಅಷ್ಟೇ. ಒಳಗೆ ಹಿರಿಯರು ಕೊಡುವ ಬಿಡುವ ಮಾತಿನಲ್ಲಿದ್ದರೆ ಇವನು ಹೊರಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

ಹುಡುಗನ ತಂದೆ ಬಂದು, "ಏನ ಅಳ್ಯಾಕತ್ತೀರಿ ಬೀಗರ?" ಎಂದು ಕೇಳಿದರು.

ಕಾಕಾ ತಲೆ ಎತ್ತದೆ, "ಒಳಗ ಹ್ವಾದದ್ದು ವಾಪಸ್ ಹೊರಗ ಬರತೈತಿಲ್ಲೋ ನೋಡಾಕತ್ತೇನ್ರಿ" ಎಂದ.

ಹುಡುಗಿ ಮನೆಯವರ ಬಾಯಿಂದ ಇಂಥ ಮಾತು! ಆ ಸಂಬಂಧ ಉಳಿಸಲು ನಮ್ಮಪ್ಪ ಎರಡು ಸಲ ಇಂಗಳೇಶ್ವರಕ್ಕೆ ಹೋಗಿ ಬರಬೇಕಾಯಿತು. ಕಾಕಾ ಮಾತ್ರ ಆ ಬಾಗಿಲಿನ ಅಳತೆ ಎಲ್ಲಕ್ಕಿಂತ ಸಣ್ಣದು ಎಂದು ಸಂತೋಷದಲ್ಲಿದ್ದ. ಆ ಬಾಗಿಲಲ್ಲಿ ಹಾಯ್ದದ್ದು ಯಾವ ಬಾಗಿಲಲ್ಲೂ ಹಾಯುತ್ತದೆ! ಅವನ ವಿಮಾನದ ಹೊಟ್ಟೆಯ ಅಗಲ ನಿಶ್ಚಯವಾದದ್ದು ಹಾಗೆ. ರೆಕ್ಕೆಗಳನ್ನು ಬಿಚ್ಚಿ ಅಡ್ಡಡ್ಡ ಒಯ್ಯಬಹುದಿತ್ತು.

ಒಂದೇ ಸೀಟು ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

"ಎರಡನೇ ಸೀಟ್ ಮಾಡಿದರ ನಿಮ್ಮ ಕಾಕು ಕೂಡ್ತಾಳ" ಎಂದ. "ಆಕಿ ಕೂತಳು ಅಂದ್ರ ಬರೇ ಆಕಿ ಕೂಡಂಗಿಲ್ಲ. ಬುತ್ತಿ ಗಂಟು, ಉಪ್ಪಿನಕಾಯಿ ಬರಣಿ, ನೀರಿನ ಚರಿಗಿ, ತವರಮನಿಗೆ ಕೊಡೂ ಶೇಂಗಾ ಚೀಲ. ಅದು ವಿಮಾನ ಯವ್ವಾ, ಇಂಡಿ ಬಸ್ ಅಲ್ಲ."

ಒಳಗಿನಿಂದ ಕಾಕು, "ನಾ ಯಾಕ ಬರ್ಲಿ? ಸವತಿ ಸಂಗಾಟ ಯಾರರೆ ಹೋಗ್ತಾರೇನು?" ಎಂದಳು. ಮೊದಮೊದಲು ಆ ವಿಮಾನಕ್ಕೆ ಅವಳಿಟ್ಟ ಹೆಸರು ಅದೇ: ಸವತಿ. ಪಡಸಾಲೆಯ ತುಂಬ ಆ ಸವತಿಯ ಮೈ ಬೆಳೆಯುತ್ತಿತ್ತು. ಬಂದವರು ಅದರ ಕೆಳಗೆ ಕೂತು ಚಹಾ ಕುಡಿಯಬೇಕು. ಎದ್ದು ನಿಂತರೆ ತಲೆಗೆ ಕಟ್ಟಿಗೆ. ವಿಜಾಪುರದ ಗೋದಾಮುಗಳಿಂದ ತಂದ ಪೆಟ್ಟಿಗೆಗಳ ಹಗುರ ಕಟ್ಟಿಗೆಯಲ್ಲಿ ಗಂಟಿಲ್ಲದ ಪಟ್ಟಿಗಳನ್ನು ಕಾಕಾ ಒಂದೊಂದಾಗಿ ಆರಿಸುತ್ತಿದ್ದ. ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು ಕೇಳುತ್ತಿದ್ದ. ಕುಂಬಾರರ ಓಣಿಯಲ್ಲಿ ಗಡಿಗೆ ಕೊಳ್ಳುವ ಹೆಂಗಸರ ಹಾಗೆ.

ಈಗ ಸವತಿ ಮಗಳಾದ ಕಥೆ. ರೆಕ್ಕೆಯ ಒಳಗೆ ಪಕ್ಕೆಲುಬುಗಳಂಥ ಹಂದರಗಳಿರುತ್ತವೆ. ಎಲ್ಲವೂ ಒಂದೇ ಅಳತೆಯವು. ಹಲಗೆಯ ಮೇಲೆ ಮೊಳೆ ಹೊಡೆದು ಅಚ್ಚು ಮಾಡಿಕೊಂಡು, ಅದರೊಳಗೆ ತೆಳ್ಳನೆಯ ಕಟ್ಟಿಗೆಯ ಕಡ್ಡಿಗಳನ್ನು ಬಾಗಿಸಿ ಕೂರಿಸಿ, ಅಂಟು ಹಚ್ಚಿ ಒಣಗಿಸಬೇಕು. ಕಾಕಾನ ದಪ್ಪ ಬೆರಳಿಗೆ ಕಡ್ಡಿಗಳು ಮುರಿಯುತ್ತಿದ್ದವು. ಬೇಸಿಗೆಯ ದಿನ. ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಓಣಿಯ ಹೆಂಗಸರು ಕೂತು ಶ್ಯಾವಿಗೆ ಹೊಸೆಯುತ್ತಿದ್ದರು. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ, ಹೀಗೆ ಪಾಳಿಯ ಮೇಲೆ. ಕೂದಲಿನಷ್ಟು ತೆಳ್ಳಗೆ ಎಳೆ ಎಳೆಯುವ ಆ ಕೈಗಳನ್ನು ಕಾಕಾ ನೋಡಿದ. ಹೆಂಗಸರು ಕಾಕಾನ ಕೈ ನೋಡಿದರು.

"ಏನ ಕುಸ್ತಿ ಹಿಡೀತೀರಿ ಕಡ್ಡಿ ಸಂಗಾಟ? ಕೊಡ್ರಿಲ್ಲಿ" ಎಂದಳು ಕಾಕು.

ಆ ಬೇಸಿಗೆಯಲ್ಲಿ ಓಣಿಯ ಹೆಂಗಸರು ಬೆಳಿಗ್ಗೆ ಶ್ಯಾವಿಗೆ ಮಾಡಿದರು, ಮಧ್ಯಾಹ್ನ ರೆಕ್ಕೆ ಮಾಡಿದರು. ಹಾಡೂ ಅದೇ, ಹರಟೆಯೂ ಅದೇ, ಯಾರದೋ ಸೊಸೆಯ ಮೇಲಿನ ಚಾಡಿಯೂ ಅದೇ. ಒಂದೇ ತೊಂದರೆ: ಒಂದು ದಿನ ಕಾಕಾ ಸಾಲೆಯಿಂದ ಬಂದು ನೋಡಿದರೆ ರೆಕ್ಕೆಯ ಉದ್ದನೆಯ ತೊಲೆಯ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಶ್ಯಾವಿಗೆ ಒಣಹಾಕಿದ್ದರು!

"ಅದು ವಿಮಾನದ ತೊಲಿ!" ಎಂದು ಕಾಕಾ ಕೂಗಿದ.

"ಇಷ್ಟ ಉದ್ದಂದು, ಇಷ್ಟ ಸಾಪ್ ಇದ್ದದ್ದು ಊರಾಗ ಎಲ್ಲಿ ಸಿಗತೈತ್ರಿ?" ಎಂದರು ಹೆಂಗಸರು. ತನ್ನ ಕೆಲಸಕ್ಕೆ ಸಿಕ್ಕ ಮೊದಲ ಹೊಗಳಿಕೆ. ಕಾಕಾ ಜಾರುತ್ತಿದ್ದ ಒಂದು ಎಳೆಯನ್ನು ತಾನೇ ಎತ್ತಿ ತೊಲೆಯ ಮೇಲೆ ಹಾಕಿದ.

ಅಂದಿನಿಂದ ಕಾಕು ಸವತಿ ಎನ್ನುವುದನ್ನು ಬಿಟ್ಟಳು. ನಾನು ವಿಜಾಪುರದ ಕಾಲೇಜು ಸೇರಿ ರಜೆಗೆ ಬಂದಾಗ ಪಡಸಾಲೆಗೆ ಕೈ ತೋರಿಸಿ, "ನಿನ್ನ ತಂಗಿ ನೋಡು, ಎಷ್ಟ ಬೆಳದಾಳ" ಎಂದಳು. ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ರೆಕ್ಕೆಯ ಬಲ ಪರೀಕ್ಷಿಸಿದ ದಿನ ಇಡೀ ಓಣಿ ಸೇರಿತ್ತು. ರೆಕ್ಕೆಯನ್ನು ಬೋರಲು ಹಾಕಿ ಅದರ ಮೇಲೆ ಭಾರ ಹೇರಬೇಕು ಎಂದು ಪುಸ್ತಕದಲ್ಲಿತ್ತು. ಭಾರಕ್ಕೆ ನಮ್ಮಲ್ಲಿ ಏನು ಕಡಿಮೆ? ಜೋಳದ ಚೀಲ! ರೆಕ್ಕೆಯ ಬುಡವನ್ನು ಮಂಚಕ್ಕೆ ಬಿಗಿದು ಒಂದೊಂದೇ ಚೀಲ ಇಟ್ಟರು. ರೆಕ್ಕೆ ಬಾಗಿತು. ಇನ್ನೊಂದು ಇಟ್ಟರು. ಇನ್ನಷ್ಟು ಬಾಗಿತು. ಇನ್ನೊಂದು ಇಟ್ಟರು, ಠಪ್ಪೆಂದು ಸದ್ದು! ಹೆಂಗಸರು ಚೀರಿದರು, ಹುಸೇನಸಾಬ ಕಣ್ಣು ಮುಚ್ಚಿಕೊಂಡ. ಮುರಿದದ್ದು ರೆಕ್ಕೆಯಲ್ಲ. ಕಾಕು ಮದುವೆಯಲ್ಲಿ ತವರಿನಿಂದ ತಂದ ಸಾಗವಾನಿ ಮಂಚ! ರೆಕ್ಕೆ ಗೆದ್ದಿತು, ಕಾಕುವಿನ ತವರುಮನೆ ಸೋತಿತು. ಆ ರಾತ್ರಿ ಕಾಕಾ ನೆಲದ ಮೇಲೆ ಮಲಗಿ, "ಮಂಚದ ನಕಾಶಿ ಬರೋಬ್ಬರಿ ಇದ್ದಿಲ್ಲ" ಎನ್ನುತ್ತಿದ್ದನಂತೆ.

ಇಷ್ಟರಲ್ಲಿ ನಕಾಶೆಯ ಪ್ರತಿಗಳು ಊರೂರಿಗೆ ಹೋಗಿದ್ದವು. ಇಂಡಿಯ ಒಬ್ಬ ನಿಂಬೆಹಣ್ಣಿನ ವ್ಯಾಪಾರಿ ಉಮೇದಿಯಿಂದ ಹೊಟ್ಟೆಯ ಭಾಗ ಕಟ್ಟಿಸಿ, ಗಾಳಿ ಚೆನ್ನಾಗಿ ಆಡುತ್ತದೆಂದು ಅದರೊಳಗೆ ನಿಂಬೆಹಣ್ಣು ತುಂಬಿಟ್ಟ. ಮುದ್ದೇಬಿಹಾಳದ ಒಬ್ಬರು ರೆಕ್ಕೆಯಷ್ಟೇ ಮಾಡಿಸಿ ಮಗಳ ಮದುವೆಯ ಹಂದರಕ್ಕೆ ಹೊದಿಸಿದರು. ಬಾಗೇವಾಡಿಯಿಂದ ಒಬ್ಬ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, "ಎಂಜಿನ್ ಇಲ್ಲದ ಮಾಡಿದರ ನಡೀತೈತೇನ್ರಿ, ಬರೇ ಮೆರವಣಿಗಿಗೆ?" ಎಂದು ಕೇಳಿದ. ಕಾಕಾನಿಗೆ ಬೇಸರವಾಯಿತೇ? ಇಲ್ಲ. "ಮಾಡಾಕತ್ತಾರಲ್ಲ! ಇವತ್ತ ಹಂದರ, ನಾಳೆ ವಿಮಾನ" ಎಂದ. ಆದರೆ ಅಂದಿನಿಂದ ಅವನಿಗೊಂದು ಯೋಚನೆ ಹತ್ತಿತು. ಜನ ಖರೇನೇ ಮಾಡಿ ಕೂತುಬಿಟ್ಟರೆ? ನಕಾಶೆ ಬರೆದವನು ತಾನು ಒಮ್ಮೆಯೂ ಕೂರದೆ ಇನ್ನೊಬ್ಬರನ್ನು ಹೇಗೆ ಕೂರಿಸುವುದು?

"ಹಾರಸಂಗಿಲ್ಲ. ಹಾರಸಾಕ ಸರ್ಕಾರದ ಪರವಾನಗಿ ಬೇಕು, ನನಗ ಧೈರ್ಯ ಬೇಕು. ಎರಡೂ ಇಲ್ಲ" ಎಂದ. "ಬರೇ ಓಡಸ್ತೇನಿ. ಓಡಿಸಿದಾಗ ಬಾಲ ತಾನ ಮ್ಯಾಲ ಏಳಬೇಕು. ಬಾಲ ಎದ್ದರ ನಕಾಶಿ ಬರೋಬ್ಬರಿ ಅಂತ ಅರ್ಥ. ಅಲ್ಲಿಗೇ ಎಂಜಿನ್ ಬಂದ್."

ಬಾಲದ ಭಾರದ ವಿಷಯ ಅವನು ನನಗೂ ಹುಸೇನಸಾಬನಿಗೂ ಬಂಡಿಯ ಲೆಕ್ಕದಲ್ಲಿ ತಿಳಿಸಿದ್ದ. ಬಂಡಿಯ ಹಿಂದೆ ಭಾರ ಹೆಚ್ಚಾದರೆ ಏನಾಗುತ್ತದೆ? ನೊಗ ಮೇಲೇಳುತ್ತದೆ, ಎತ್ತಿನ ಕೊರಳಿಗೆ ಉರುಲು ಬೀಳುತ್ತದೆ. ವಿಮಾನದಲ್ಲೂ ಅದೇ. ಬಾಲ ಭಾರವಾದರೆ ಮೂಗು ಆಕಾಶಕ್ಕೆ ಏಳುತ್ತದೆ, ಆಮೇಲೆ ಅದನ್ನು ಇಳಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಓಡಿಸುವ ಹಿಂದಿನ ದಿನ ಸಂಜೆ ವಿಮಾನವನ್ನು ಒಂದು ದುಂಡು ಕಟ್ಟಿಗೆಯ ಮೇಲೆ ಇಟ್ಟು ತಕ್ಕಡಿಯಂತೆ ತೂಗಿ ನೋಡಿದ್ದ. ಸರಿಯಾಗಿತ್ತು. ಬಾಲದೊಳಗೆ ಒಂದು ಮೊಳೆಯೂ ಹೆಚ್ಚಿರಲಿಲ್ಲ.

ಯಂಕಂಚಿಯ ಹತ್ತಿರ ಒಂದು ಮಡ್ಡಿ ಇದೆ. ಗಟ್ಟಿ ನೆಲ, ಸಣ್ಣ ಕಲ್ಲು, ಬಿತ್ತುವವರಿಲ್ಲ. ಅಲ್ಲಿಯೇ ಓಡಿಸುವುದು ಎಂದಾಯಿತು. ನಾನು ಆ ಬೆಳಿಗ್ಗೆ ವಿಜಾಪುರದಿಂದ ಬಸ್ಸಿನಲ್ಲಿ ಬಂದು ನೇರವಾಗಿ ಮಡ್ಡಿಗೇ ಹೋದೆ. ಬಿಚ್ಚಿದ ರೆಕ್ಕೆಗಳ ಜೊತೆಗೆ ಟ್ರ್ಯಾಕ್ಟರಿನಲ್ಲಿ ಬಂದ ವಿಮಾನವನ್ನು ಕಾಕಾ, ಹುಸೇನಸಾಬ ಸೇರಿ ಜೋಡಿಸಿದ್ದರು. ಧೋತರ ಹೊದಿಸಿ ಬಣ್ಣ ಬಳಿದ ಅದರ ಮೈ ಬಿಸಿಲಿಗೆ ಹೊಳೆಯುತ್ತಿತ್ತು. ದೂರದಲ್ಲಿ ಬೇವಿನ ಗಿಡದ ನೆರಳಿನಲ್ಲಿ ಕಾಕು, ಓಣಿಯ ಹೆಂಗಸರು. ಎಲ್ಲರೂ ಹೊಸ ಸೀರೆ ಉಟ್ಟಿದ್ದರು. ಒಬ್ಬಿಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾಕೆ ಅಳುತ್ತಾರೆ ಎಂದು ನನಗೆ ಆಗ ಹೊಳೆಯಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ಇಷ್ಟು ವರ್ಷಗಳ ಮೇಲೂ, ಕೂತ ಬಸ್ಸಿನ ಎಂಜಿನ್ ಏರುದಾರಿಯ ಚಡಾವಿನಲ್ಲಿ ಒಮ್ಮೆಲೇ ನಿಂತರೆ ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಬ್ಬಿಣ ಹಿಡಿಯುತ್ತದೆ. ಪಕ್ಕದವರು ನಗುತ್ತಾರೆ. ನಗಲಿ.

ಕಾಕಾ ಹತ್ತಿ ಕೂತ. ಹುಸೇನಸಾಬ ಪಂಖ ತಿರುಗಿಸಿ ಹಿಂದೆ ಜಿಗಿದ. ವಿಮಾನ ಓಡಿತು, ಕುಲುಕಾಡುತ್ತ, ಕಲ್ಲು ಚಿಮ್ಮಿಸುತ್ತ. ಬಾಲ ಏಳಲಿಲ್ಲ. ಮಡ್ಡಿಯ ತುದಿಯಲ್ಲಿ ನಿಂತು, ತಿರುಗಿ ಬಂದ. ಅವನ ಮುಖ ಹುಳ್ಳಗಾಗಿತ್ತು. "ಏಳಬೇಕಲ್ಲೋ! ನಿನ್ನೆ ತೂಗೇನಲ್ಲೋ!" ಎಂದ.

"ಬ್ಯಾಡ ಬಿಡ್ರಿ ಮಾಸ್ತರ್ರ. ನಾಳಿ ನೋಡೂಣು."

"ವೇಗ ಸಾಲಿಲ್ಲ. ನಕಾಶಿ ಬರೋಬ್ಬರಿ ಐತಿ" ಎಂದು ಕಾಕಾ ಈ ಸಲ ಪೂರ್ತಿ ವೇಗ ಕೊಟ್ಟ.

ಬಾಲ ಏಳಲೇ ಇಲ್ಲ. ಬಾಲದ ಬದಲು ಗಾಲಿಗಳೇ ಎದ್ದವು! ಎದುರಿನಿಂದ ಒಂದು ಬೀಸು ಗಾಳಿ ಬಂತು. ಹಾರುವ ಆಸೆಯೇ ಇಲ್ಲದ ಮನುಷ್ಯನನ್ನು ಹೊತ್ತುಕೊಂಡು ಆ ಕಟ್ಟಿಗೆಯ ಹುಡುಗಿ ನೆಲ ಬಿಟ್ಟಳು. ಮೂಗು ಮೇಲೆ, ಇನ್ನೂ ಮೇಲೆ. ಬೇವಿನ ಗಿಡದ ಎತ್ತರ ದಾಟಿತು. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು! ಅವರಿಗೇನು ಗೊತ್ತು? ನನ್ನ ಕಣ್ಣಿಗೆ ಮೇಲೆದ್ದ ನೊಗವೊಂದೇ ಕಾಣುತ್ತಿತ್ತು. ಹುಸೇನಸಾಬ ಅದರ ಕೆಳಗೆ ಓಡುತ್ತ, ಮಾಳಿಗೆ ಮೇಲೆ ಹೋದವರನ್ನು ಕರೆಯುವ ಹಾಗೆ, "ಇಳೀರಿ ಮಾಸ್ತರ್ರ! ಇಳೀರಿ!" ಎಂದು ಕೂಗುತ್ತಿದ್ದ.

ಆಗ ಎಂಜಿನ್ ನಿಂತಿತು.

ಆ ಸದ್ದಿಲ್ಲದ ಗಳಿಗೆ ಇದೆಯಲ್ಲ, ಅದು ಇನ್ನೂ ನನ್ನೊಳಗೆ ಮುಗಿದಿಲ್ಲ. ವಿಮಾನ ಆಕಾಶಕ್ಕೆ ಒರಗಿಕೊಂಡು ನಿಂತಂತಿತ್ತು. ಮೇಲಿನಿಂದ ಕಾಕಾನ ದನಿ ಸ್ಪಷ್ಟವಾಗಿ ಬಂತು. "ಕಡೀ ಹಾಳಿ ಇಲ್ಲೋ ಹುಸೇನಾ!" ಎಂದ ಎಂದು ಹುಸೇನಸಾಬ ಆಣೆ ಮಾಡಿ ಹೇಳುತ್ತಾನೆ. ನನಗೆ ಕೇಳಿಸಿದ್ದು ಕಾಕುವಿನ ಹೆಸರು. ಎಡರೆಕ್ಕೆ ಬಾಗಿತು. ಆಮೇಲೆ ಕಟ್ಟಿಗೆ ಮುರಿಯುವ ಸದ್ದು. ಜೋಳದ ಚೀಲಗಳಿಗೆ ಮುರಿಯದ ರೆಕ್ಕೆ, ಹೊಡೆತವನ್ನೆಲ್ಲ ತಾನೇ ನುಂಗಿ ಪುಡಿಪುಡಿಯಾಯಿತು.

ಎಲ್ಲರಿಗಿಂತ ಮೊದಲು ಮುಟ್ಟಿದವಳು ನಾನು. ಮುರಿದ ಹಂದರದ ನಡುವೆ ಕಾಕಾ ಅಂಗಾತ ಬಿದ್ದಿದ್ದ, ಹದ್ದು ನೋಡುವವನ ಹಾಗೆ. ಒಂದು ಭುಜ ಜೋತುಬಿದ್ದಿತ್ತು, ಕಾಲು ತಿರುಚಿತ್ತು. ಕಣ್ಣು ತೆರೆದಿದ್ದವು. ಅವನ ತಲೆ, ಎದೆ, ಸುತ್ತಲಿನ ನೆಲದ ತುಂಬ ಅಕ್ಷತೆ ಹಾಕಿದ ಹಾಗೆ ಕಾಳು ಚೆಲ್ಲಿತ್ತು.

ಗೋಧಿ.

ಗೋಧಿಯ ಜೊತೆಗೆ ತೆಂಗಿನಕಾಯಿ. ಉತ್ತತ್ತಿ, ಅರಿಷಿಣದ ಬೇರು, ಅಡಿಕೆ. ಒಡೆದ ಬಾಲದೊಳಗಿನಿಂದ ಒಂದರ ಹಿಂದೊಂದು ಕುಪ್ಪಸದ ಖಣದ ಗಂಟುಗಳು ಜಾರುತ್ತಿದ್ದವು. ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಹೊಸ ಸೀರೆ ಯಾಕೆ, ಕಣ್ಣೀರು ಯಾಕೆ. ನಮ್ಮ ಕಡೆ ಮಗಳು ಮನೆಯಿಂದ ಹೊರಟರೆ ಮಡಿಲು ತುಂಬದೆ, ಬರಿ ಉಡಿಯಲ್ಲಿ ಕಳಿಸುತ್ತಾರೆಯೇ? ಬೆಳಿಗ್ಗೆ ಕಾಕಾ ಗ್ಯಾರೇಜಿಗೆ ಹೋದ ಹೊತ್ತಿನಲ್ಲಿ ಕಾಕು ಉಡಿ ತುಂಬಿದ್ದಳು. ಕಂಡರೆ ಕಾಕಾ ತೆಗೆದುಬಿಡುತ್ತಾನೆಂದು ಸೀಟಿನ ಹಿಂದಿನ ಕಿಂಡಿಯಿಂದ ದೂರ, ಬಾಲದೊಳಕ್ಕೆ ತಳ್ಳಿದ್ದಳು. ಆಮೇಲೆ ರೆಕ್ಕೆ ಹೊಸೆದ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಪಾಲಿನ ಉಡಿ ತುಂಬಿದ್ದರು. ಮಗಳು ಅವರದೂ ಆಗಿದ್ದಳಲ್ಲ!

ಕಾಕಾ ಎದೆಯ ಮೇಲಿನ ಕಾಳು ಕೈಯಲ್ಲಿ ಹಿಡಿದು ನೋಡಿದ. ಅವನಿಗೂ ತಿಳಿಯಿತು. ದೂರದಿಂದ ಕಾಕು ಬರಿಗಾಲಲ್ಲಿ ಓಡಿ ಬರುತ್ತಿದ್ದಳು.

"ಯವ್ವಾ," ಎಂದ, ಹಲ್ಲು ಕಚ್ಚಿ. "ಆಕಿ ಬರೂದ್ರಾಗ ಇದರ ಮ್ಯಾಲ ಮಣ್ಣ ಎಳಿ. ಲಗೂನ ಎಳಿ."

ನಾನು ಕಾಲಿನಿಂದ, ಕೈಯಿಂದ, ಹುಚ್ಚಿಯ ಹಾಗೆ ಮಣ್ಣು ಎಳೆದೆ. ಹುಸೇನಸಾಬ ಒಂದು ಮಾತೂ ಕೇಳದೆ ಗಂಟುಗಳನ್ನು, ಕಾಯಿಗಳನ್ನು ಹರಿದ ಧೋತರದಲ್ಲಿ ಸುತ್ತಿ ಮುಳ್ಳುಕಂಟಿಯ ಹಿಂದೆ ಒಗೆದ. ಕಾಕು ಬಂದು ಕಾಕಾನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಕಾಕಾ ಅವಳ ಮುಖ ನೋಡಿ, ಎಲ್ಲರಿಗೂ ಕೇಳಿಸುವಂತೆ ಹೇಳಿದ:

"ತಪ್ಪಾತು. ನನ್ನ ಲೆಕ್ಕ ತಪ್ಪಿತು."

ಜೀವಮಾನದಲ್ಲಿ ಅವನು ಒಪ್ಪಿಕೊಂಡದ್ದು ಒಂದೇ ತಪ್ಪು. ಅದೂ ತಾನು ಮಾಡದ್ದು! ಕಾಕು ಹೋಳಿಗೆಯ ಮಾತು ಎತ್ತಲಿಲ್ಲ.

ವಿಜಾಪುರದ ಆಸ್ಪತ್ರೆಯ ವರಾಂಡದಲ್ಲಿ ಕಾಕು ನನ್ನ ಹತ್ತಿರ ಬಂದು ಕೂತಳು. "ಅಲ್ಲೇ ಬಾಲದಾಗ... ಏನರೆ ಇತ್ತೇನ?" ಎಂದು ಕೇಳಿದಳು.

"ಏನಿತ್ತು ಕಾಕು? ಬರೇ ಕಟ್ಟಿಗಿ."

ಅವಳ ಉಸಿರು ಸಡಿಲಾಯಿತು. "ಹಂಗಾರ ಅವರ ಮೊದಲ ನೋಡಿ ತಗದಿಟ್ಟಿರಬೇಕು ಬಿಡು. ಅವರ ಕಣ್ಣಿಗೆ ಯಾವುದ ತಪ್ಪತೈತಿ?" ಎಂದಳು. ಭುಜ ಕೂಡಿತು. ಕಾಲು ಸ್ವಲ್ಪ ಕುಂಟು ಉಳಿಯಿತು. ಮಳೆಗಾಲ ಶುರುವಾದ ಮೇಲೆ ಕಾಕು ಒಬ್ಬಳೇ ಯಂಕಂಚಿಯ ಮಡ್ಡಿಗೆ ಹೋಗಿ, ಗಂಡನ ಜೀವ ಉಳಿಸಿದ ನೆಲಕ್ಕೆ ಕಾಯಿ ಒಡೆದು ಬಂದಳು. ಬಂದವಳು ಎರಡು ದಿನ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲವಂತೆ. ಹರಕೆ ತೀರಿಸಿದ ದಣಿವು ಎಂದುಕೊಂಡರು.

ಕಾಕಾ ಸುಮ್ಮನಾದನೇ? ಪಡಸಾಲೆಯಲ್ಲಿ ಮತ್ತೆ ಕಟ್ಟಿಗೆ ಬಂತು. ನಾನು ಓದು ಮುಗಿಸಿ, ಕಾಲೇಜಿನಲ್ಲಿ ಕಲಿಸಲು ಶುರುಮಾಡಿ, ಒಂದು ರಜೆಗೆ ಹೋದಾಗ ಎರಡನೆಯ ವಿಮಾನದ ಹೊಟ್ಟೆ ನಿಂತಿತ್ತು. 'ಇದು ಓಡುವುದೂ ಇಲ್ಲ, ಹಾರುವುದೂ ಇಲ್ಲ, ಮನೆಯಲ್ಲೇ ಇರುತ್ತದೆ' ಎಂದು ಕಾಕು ಅವನಿಂದ ಮಾತು ತೆಗೆದುಕೊಂಡಿದ್ದಳು. ಆದರೆ ನಕಾಶೆ ಪೂರ್ತಿಯಾಗಬೇಕಲ್ಲ! ನೋಡಿದರೆ ಸೀಟಿನ ಕೆಳಗೆ, ಸರಿಯಾಗಿ ಭಾರ ತೂಗುವ ಬಿಂದುವಿನಲ್ಲಿ, ಒಂದು ಸಣ್ಣ ಪೆಟ್ಟಿಗೆ. ಮುಚ್ಚಳಕ್ಕೆ ಬಳ್ಳಿಯ ಚಿತ್ತಾರ ಬರೆದಿದ್ದ.

"ಇದೇನ ಕಾಕಾ? ಪಾನಾ ಸ್ಕ್ರೂಡ್ರೈವರ್ ಇಡಾಕೇನು?"

"ಉಡಿ" ಎಂದ. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡದೆ ನನಗೇ ಹೇಳಿದ: "ನಾಕ ಊರಾಗ ಮಂದಿ ಇದನ್ನ ಮಾಡ್ತಾರ. ಯಾರ ಮನ್ಯಾಗರೆ ಬರಿ ಉಡಿಲೆ ಕಳಸ್ತಾರೇನು? ಬಾಗಿಲ ಅಳದೇನಿ, ಗಾಳಿ ಅಳದೇನಿ. ಮನಿಯವರನ್ನ ಲೆಕ್ಕಕ್ಕ ಹಿಡೀಲಿಲ್ಲ. ಅದು ಖರೇನ ನನ್ನ ತಪ್ಪ ಯವ್ವಾ."

ಅಂದರೆ ಮಡ್ಡಿಯಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ನಾನೇ ಇಷ್ಟು ವರ್ಷ ಸುಳ್ಳೆಂದು ತಿಳಿದಿದ್ದೆ.

ಕಾಕು ಒಳಗೆ ಹೋದಳು. ಮೊರದಲ್ಲಿ ಕಾಳು ತುಂಬಿಕೊಂಡು ಹೊರಗೆ ಬಂದಳು. ಕಾಕಾ ಮುಚ್ಚಳ ಎತ್ತಿ ಹಿಡಿದ. ಅವಳು ಬೊಗಸೆ ತುಂಬಿಕೊಂಡು ಪೆಟ್ಟಿಗೆಯ ಮೇಲೆ ಹಿಡಿದು, ಮೆಲ್ಲಗೆ ಹೇಳಿದಳು:

"ಈ ಸಲ ಗೋದಿ ಬ್ಯಾಡ್ರಿ. ಅಕ್ಕಿ ತಂದೇನಿ. ಅಕ್ಕಿ ಮೊಳಕಿ ಒಡ್ಯಾಂಗಿಲ್ಲ."

ನಾನು ಕಾಕಾನ ಮುಖ ನೋಡಿದೆ, ಕಾಕಾ ನನ್ನ ಮುಖ ನೋಡಿದ. ಎಂಥ ದಡ್ಡರು ನಾವು! ಕಾಳನ್ನು ಮಣ್ಣಿನಲ್ಲಿ ಮುಚ್ಚುವುದಕ್ಕೆ ಬಚ್ಚಿಡುವುದು ಎನ್ನುತ್ತಾರೆಯೇ? ಬಿತ್ತುವುದು ಎನ್ನುತ್ತಾರೆ! ಯಾರೂ ಬಿತ್ತದ ಆ ಮಡ್ಡಿಯಲ್ಲಿ, ಗಂಡ ಬಿದ್ದ ಜಾಗದಲ್ಲಿ, ಮಳೆಗೆ ಮೊಳೆತ ಗೋಧಿಯ ಮುಂದೆ ಅವಳು ಕಾಯಿ ಒಡೆದು ಬಂದಿದ್ದಳು. ಅವನು ಮುಚ್ಚಿದ್ದನ್ನು ಕಂಡು, ಕಂಡದ್ದನ್ನು ತಾನೂ ಮುಚ್ಚಿಕೊಂಡಿದ್ದಳು.

ಗೋಡೆಯ ಗಡಿಯಾರದೊಡನೆಯೂ ವಾದ ಹಾಕುವ ನಮ್ಮ ಕಾಕಾ ಮುಚ್ಚಳವನ್ನು ಇನ್ನಷ್ಟು ಅಗಲವಾಗಿ ತೆರೆದು ಹಿಡಿದ.

"ಎಷ್ಟ ಹಾಕ್ಲಿ? ಭಾರ ಆಗತೈತೇನ್ರಿ?" ಎಂದಳು.

"ನಿನ್ನ ಮನಸಿಗೆ ಬಂದಷ್ಟ ಹಾಕು" ಎಂದ ಕಾಕಾ. "ನಕಾಶಿ ನಾ ತಿದ್ಕೋತೇನಿ."